ಅಮ್ಮನ ಹಣೆಯಲ್ಲಿ ಎರಡು ಕುಂಕುಮ

ಸೋದರಮಾವ ಅಟ್ಟ ಖಾಲಿ ಮಾಡುವಾಗ ಹಳೇ ಕ್ಯಾಮೆರಾವೊಂದು ಸಿಕ್ಕಿತು. ಯಾಷಿಕಾ ಎಲೆಕ್ಟ್ರೋ 35. ಮುಕ್ಕಾಲು ಕೆಜಿ ಭಾರ. "ತಗೊಂಡ್ ಹೋಗೋ. ಇದರಲ್ಲಿ ತೆಗೆದ ಫೋಟೊ ನೋಡಿಯೇ ನಿಮ್ಮತ್ತೆ ನನ್ನನ್ನ ಒಪ್ಪಿದ್ದು" ಅಂದರು ಮಾವ. "ಅದರಲ್ಲಿ ಮುಖ ಸರಿಯಾಗಿ ಕಾಣ್ತಿರಲಿಲ್ಲ, ಅದಕ್ಕೇ" ಎಂದು ಒಳಗಿನಿಂದ ಅತ್ತೆಯ ದನಿ ಬಂತು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. ನಾಲ್ಕು ಗುಂಡಿ ಸೆಲ್ಲುಗಳನ್ನು ಕಾಗದದಲ್ಲಿ ಬೀಡಿಯಂತೆ ಸುತ್ತಿ, ಉಳಿದ ಸಂದಿಗೆ ಪೆನ್ನಿನ ಸ್ಪ್ರಿಂಗ್ ತುರುಕಿದೆ. ದೀಪ ಹತ್ತಿತು. ಅರ್ಧ ಛಾಯಾಗ್ರಾಹಕನಾದೆ ಅಂದುಕೊಂಡೆ.

ಮೊದಲ ದಿನ ಬೆಳಿಗ್ಗೆಯೇ ಗಾಂಧಿ ಬಜಾರಿಗೆ ಹೋದೆ. ಸೇವಂತಿಗೆ ರಾಶಿ, ಮಾರು ಅಳೆಯುವ ಕೈ, ಬಾಳೆಎಲೆ ಕಟ್ಟು, ಹೀಗೆ ಹನ್ನೊಂದು ಫೋಟೊ ಹೊಡೆದೆ. ಹನ್ನೆರಡನೆಯದಕ್ಕೆ ಹೂವಿನ ಅಜ್ಜಿ ಕೇಳಿದರು, "ಮುಚ್ಚಳ ತೆಗೆಯಲ್ವೇನಪ್ಪಾ?" ಈ ಜಾತಿಯ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಬೆಳಕು ಅಳೆಯುವ ಕಣ್ಣೂ ಲೆನ್ಸಿನ ಹೊರಗಿದೆ. ಹಾಗಾಗಿ ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಬೆಳಗುತ್ತಿರುತ್ತದೆ. ಮೂವತ್ತಾರರ ರೀಲಿನಲ್ಲಿ ಹನ್ನೊಂದು ಹೀಗೆ ಕತ್ತಲಿಗೆ ಸಂದವು.

ಇನ್ನು ಫೋಕಸ್. ಕಿಂಡಿಯ ನಡುವೆ ಹಳದಿ ಚೌಕವೊಂದಿದೆ. ಅದರೊಳಗೆ ಎಲ್ಲವೂ ಎರಡೆರಡು. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಒಂದು ಬಿಂಬ ಇನ್ನೊಂದರ ಕಡೆಗೆ ಸರಿಯುತ್ತದೆ. ಎರಡೂ ಒಂದಾದ ಕಡೆ ನಿಲ್ಲಿಸಬೇಕು, ಅಷ್ಟೇ. ಹೇಳೋದು ಸುಲಭ, ಅಲ್ವಾ?

ಅಮ್ಮ ಕಿಟಕಿ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಳ್ಳೇ ಬೆಳಕು. ನೆಟ್ಟಗಿನ ಗೆರೆ ಹಿಡಿದರೆ ಫೋಕಸ್ ಸುಲಭ ಎಂದು ಕಿಟಕಿ ಸರಳಿಗೆ ಗುರಿಯಿಟ್ಟೆ. ಸರಳುಗಳೆಲ್ಲ ಒಂದೇ ತರ ಇರುತ್ತವೆ ನೋಡಿ. ಒಂದರ ಬಿಂಬ ಪಕ್ಕದ ಸರಳಿನ ಮೇಲೆ ಹೋಗಿ ಕೂತಿದೆ, ನಾನು ಕೂಡಿತು ಅಂತ ಖುಷಿಯಲ್ಲಿ ಒತ್ತಿಬಿಟ್ಟಿದ್ದೇನೆ. ಹೀಗೆ ನಾಲ್ಕು ಸಲ. ಇದರ ಶಟರ್ ಬೇರೆ ಸದ್ದೇ ಮಾಡುವುದಿಲ್ಲ. ಪ್ರತಿ ಸಲವೂ ಅಮ್ಮ "ತೆಗೆದ್ಯಾ?" ಅನ್ನುವವಳು.

ಆಮೇಲೆ ಅವಳ ಕುಂಕುಮ ಹಿಡಿದೆ. ಹಣೆಯಲ್ಲಿ ಎರಡು ಕುಂಕುಮ. ಬಳೆ ತಿರುಗಿಸಿದಂತೆ ಒಂದು ಮೆಲ್ಲಗೆ ಇನ್ನೊಂದರತ್ತ ನಡೆದು ಬಂತು, ಅಂಚಿಗೆ ಅಂಚು ತಾಗಿತು, ಇನ್ನೇನು ಒಂದಾಗಬೇಕು, ಅಷ್ಟರಲ್ಲಿ ಅಮ್ಮ ಬುಟ್ಟಿಗೆ ಬಗ್ಗಿದಳು. ಲೆನ್ಸಿನೊಳಗೆ ಬೆಳಕು ಬಿಡುವ ತೂತನ್ನು (ಅಪರ್ಚರ್) 1.7ಕ್ಕೆ, ಅಂದರೆ ಪೂರ್ತಿ ತೆರೆದಿಟ್ಟಿದ್ದೆ. ಅಷ್ಟು ತೆರೆದರೆ ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಬರುವ ಜಾಗ ಒಟ್ಟು ಐದು ಸೆಂಟಿಮೀಟರ್. ಅಮ್ಮ ಉಸಿರಾಡಿದರೂ ಅದರಿಂದ ಆಚೆ ಹೋಗುತ್ತಾಳೆ.

"ಅಲ್ಲಾಡಬೇಡಮ್ಮ."

"ಒಲೆ ಮೇಲೆ ಹಾಲಿದೆ ಕಣೋ."

"ಒಂದೇ ನಿಮಿಷ."

ಎರಡು ಕುಂಕುಮ ಮತ್ತೆ ಹತ್ತಿರ ಬಂದವು. ಅಡುಗೆಮನೆಯಿಂದ ಚುಸ್ಸ್ ಅಂತ ಸದ್ದು. ಅಮ್ಮ ಅವರೆಕಾಯಿ ಸಮೇತ ಎದ್ದು ಓಡಿದಳು. ನನ್ನ ಬೆರಳು ಆಗಲೇ ಒತ್ತಿಯಾಗಿತ್ತು.

ಆ ತೂತನ್ನು 8ಕ್ಕೆ ಕಿರಿದು ಮಾಡಿ, ಫೋಕಸ್ ಬಳೆಯನ್ನು ಮೂರು ಮೀಟರಿಗೆ ಇಟ್ಟರೆ ಎರಡೂಕಾಲಿನಿಂದ ನಾಲ್ಕೂವರೆ ಮೀಟರ್ ತನಕ ಫೋಕಸ್ ಗೋಜೇ ಇಲ್ಲ ಎಂದು ಮಾವ ಹೇಳಿದ್ದು ಇದೆಲ್ಲ ಮುಗಿದ ಮೇಲೆ.

ರೀಲು ತೊಳೆಸಿ ತಂದೆ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದಳು. ಮಂಜು, ಮಂಜು, ಕಿಟಕಿಯಾಚೆಯ ತೆಂಗಿನಮರ, ಮತ್ತೆ ಮಂಜು. ಕೊನೆಗೊಂದರಲ್ಲಿ ಕೈ ನಿಲ್ಲಿಸಿದಳು. ಖಾಲಿ ಕುರ್ಚಿಯ ಬೆನ್ನಿನ ಬೆತ್ತದ ಒಂದೊಂದು ಎಳೆ ಎಣಿಸಬಹುದಿತ್ತು. ಮೂಲೆಯಲ್ಲಿ ಮಸುಕಾಗಿ ಓಡುತ್ತಿರುವ ಸೆರಗು.

"ಬೆತ್ತ ಎಷ್ಟು ಕಿತ್ತುಹೋಗಿದೆ ನೋಡೋ. ನಾಳೆ ಹೆಣೆಯೋನನ್ನ ಕರ್ಕೊಂಡು ಬಾ" ಎಂದಳು.