ಸತ್ಯಾಂಶ: ಶುಗರ್ ಫ್ರೀ ಚಾಕೊಲೇಟ್ ಎಷ್ಟಾದರೂ ತಿನ್ನಬಹುದೇ?

‘ಶುಗರ್ ಫ್ರೀ ಚಾಕೊಲೇಟಿನಲ್ಲಿ ಸಕ್ಕರೆ ಇಲ್ಲ, ಮಧುಮೇಹಿಗಳು ಎಷ್ಟಾದರೂ ತಿನ್ನಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲ ಮಾತು ಬಹುಮಟ್ಟಿಗೆ ಸರಿ. ಎರಡನೆಯದು ತಪ್ಪು, ಅಪಾಯಕಾರಿಯೂ ಹೌದು.

ಇಂಥ ಚಾಕೊಲೇಟು, ಬಿಸ್ಕತ್ತುಗಳಲ್ಲಿ ಸಕ್ಕರೆಯ ಬದಲು ಹೆಚ್ಚಾಗಿ ಬಳಸುವುದು ಮಾಲ್ಟಿಟಾಲ್. ಲೇಬಲ್ಲಿನಲ್ಲಿ ಹೆಸರು ಕಾಣದಿದ್ದರೆ 965 ಎಂಬ ಸಂಖ್ಯೆ ಹುಡುಕಿ. ಸಕ್ಕರೆಯ ಸುಮಾರು ಶೇ 90ರಷ್ಟು ಸಿಹಿ ಇದಕ್ಕಿದೆ. ಹಲ್ಲು ಹುಳುಕಾಗಿಸುವುದಿಲ್ಲ ಎಂಬುದು ನಿಜವಾದ ಲಾಭ. ಆದರೆ ಇದರ ಒಂದು ಭಾಗ ಸಣ್ಣ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ರಕ್ತದ ಸಕ್ಕರೆ ನಿಧಾನವಾಗಿ, ಕಡಿಮೆ ಏರುತ್ತದೆ, ಆದರೂ ಏರುತ್ತದೆ. ಸಕ್ಕರೆಯ ಒಂದು ಗ್ರಾಮಿನಲ್ಲಿ 4 ಕ್ಯಾಲೊರಿ ಇದ್ದರೆ ಇದರಲ್ಲಿ 2ಕ್ಕಿಂತ ತುಸು ಹೆಚ್ಚು. ಚಾಕೊಲೇಟಿನ ಕೊಬ್ಬು, ಬಿಸ್ಕತ್ತಿನ ಮೈದಾ ಹಾಗೇ ಇರುತ್ತವೆ, ಅದನ್ನು ಆ ಸಂದೇಶ ಹೇಳುವುದೇ ಇಲ್ಲ.

ಉಳಿದ ಭಾಗ ದೊಡ್ಡ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಹೊಟ್ಟೆಯುಬ್ಬರ, ಭೇದಿ ಬರುವುದು ಇದರಿಂದಲೇ. ಮಕ್ಕಳಿಗೆ ಸ್ವಲ್ಪ ತಿಂದರೂ ತೊಂದರೆಯಾಗಬಹುದು.

ಇನ್ನೊಂದು ಮುಖ್ಯ ವಿಷಯ: ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅಂಶ ದಿಢೀರ್ ಇಳಿದು ಬೆವರು, ನಡುಕ ಬಂದಾಗ ಶುಗರ್ ಫ್ರೀ ಚಾಕೊಲೇಟ್ ಕೊಡಬೇಡಿ. ಆಗ ಬೇಕಾದದ್ದು ಗ್ಲೂಕೋಸ್ ಪುಡಿ ಅಥವಾ ಮಾಮೂಲಿ ಸಕ್ಕರೆ ಕದಡಿದ ನೀರು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.