ಅವನಿಗೆ ಕಾಲೆಷ್ಟು?

ತಂಗಿಯ ಮಗಳು ಒಂದು ಸಂಜೆ ಬಿಳಿ ಹಾಳೆ, ಬಣ್ಣದ ಪೆನ್ಸಿಲ್ ಹಿಡಿದು ಬಂದು, "ಮಾಮಾ, ಬೇರೆ ಗ್ರಹದ ಜೀವಿ ಬರೆದುಕೊಡು" ಅಂದಳು. ಇದೇನು ಮಹಾ ಎಂದು ಕೂತೆ. ಎರಡೇ ನಿಮಿಷದಲ್ಲಿ ಕೆಲಸ ಮುಗಿಯಿತು. ಬೋಳು ತಲೆ, ದೊಡ್ಡ ಓರೆಗಣ್ಣು, ಸಣಕಲು ಮೈ, ಎರಡು ಕೈ, ಎರಡು ಕಾಲು, ತಲೆಯ ಮೇಲೆರಡು ಆಂಟೆನಾ, ಮೈತುಂಬ ಹಸಿರು. ಅವಳು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದು ನೀನೇ ಅಲ್ವಾ?" ಅಂದಳು. ಆಂಟೆನಾ ಬಿಟ್ಟರೆ ಮಿಕ್ಕ ಯಾವುದನ್ನೂ ನಾನು ಅಲ್ಲಗಳೆಯುವ ಹಾಗಿರಲಿಲ್ಲ.

ಕುದುರೆಗಳಿಗೆ ಕೈಯಿದ್ದು ಚಿತ್ರ ಬರೆಯಲು ಬರುತ್ತಿದ್ದರೆ ಅವು ದೇವರನ್ನೂ ಕುದುರೆಯಂತೆಯೇ ಬರೆಯುತ್ತಿದ್ದವು ಎಂದು ಕ್ಸೆನೊಫನೀಸ್ ಎಂಬ ಗ್ರೀಕ್ ತತ್ವಜ್ಞಾನಿ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದ. ದೇವರಿಗಾದ ಗತಿಯೇ ಈಗ ಅನ್ಯಗ್ರಹದವರಿಗೂ ಆಗಿದೆ. ಕೋಟ್ಯಂತರ ಮೈಲಿ ಆಚೆಯಿಂದ ಬರುವವನೂ ನಮ್ಮ ಕುರ್ಚಿಯಲ್ಲಿ ಸರಿಯಾಗಿ ಕೂರುವಂತಿರಬೇಕು ಎಂಬುದು ನಮ್ಮ ಆಸೆ.

ಹಾಗೆ ನೋಡಿದರೆ ವಿಚಿತ್ರ ಬುದ್ಧಿವಂತರನ್ನು ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ, ಸಮುದ್ರಕ್ಕಿಳಿದರೆ ಸಾಕು. ಆಕ್ಟೋಪಸ್‌ಗೆ ಮೂರು ಹೃದಯ, ನೀಲಿ ರಕ್ತ. ಅದರ ಮೈಯಲ್ಲಿರುವ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಪಾಲು ಇರುವುದು ತಲೆಯಲ್ಲಲ್ಲ, ತೋಳುಗಳಲ್ಲಿ. ಎಂಟು ತೋಳುಗಳೂ ತಮ್ಮಷ್ಟಕ್ಕೆ ಮುಟ್ಟಿ, ರುಚಿ ನೋಡಿ, ಅರ್ಧ ತೀರ್ಮಾನ ತಾವೇ ಮಾಡಿಬಿಡುತ್ತವೆ. ಯಜಮಾನನನ್ನು ಕೇಳದೆ ಮನೆ ನಡೆಸುವ ಎಂಟು ಜನ ತಮ್ಮಂದಿರಿದ್ದ ಹಾಗೆ. ಅಂಥ ಪ್ರಾಣಿಗೆ 'ನಾನು' ಎಂದರೆ ಏಕವಚನವೋ ಬಹುವಚನವೋ! ನಮ್ಮ ವ್ಯಾಕರಣವೇ ಅಲ್ಲಿ ಕೈಕೊಡುತ್ತದೆ.

ಇನ್ನೊಬ್ಬರು ಸ್ಲೈಮ್ ಮೋಲ್ಡ್. ಕೊಳೆತ ದಿಮ್ಮಿಯ ಮೇಲೆ ಹಳದಿ ಲೋಳೆಯಂತೆ ಹರಡಿಕೊಳ್ಳುವ ಇವರಿಗೆ ಮಿದುಳಿರಲಿ, ನರವೂ ಇಲ್ಲ. ಇಡೀ ಮೈ ಒಂದೇ ಜೀವಕೋಶ. ಆದರೂ 2000ದಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಚಕ್ರವ್ಯೂಹದ ಎರಡು ತುದಿಗೆ ತಿನಿಸು ಇಟ್ಟಾಗ, ಈ ಲೋಳೆ ಬೇಡದ ದಾರಿಗಳಿಂದ ಮೈ ಹಿಂದಕ್ಕೆಳೆದುಕೊಂಡು ಹತ್ತಿರದ ದಾರಿಯೊಂದನ್ನೇ ಉಳಿಸಿಕೊಂಡಿತು. 2010ರ ಪ್ರಯೋಗದಲ್ಲಿ ಟೋಕಿಯೊ ಸುತ್ತಲಿನ ಊರುಗಳಿರುವ ಕಡೆಗಳಲ್ಲಿ ಓಟ್ಸ್ ಕಾಳು ಇಟ್ಟು ಬಿಟ್ಟರೆ, ಹೆಚ್ಚುಕಮ್ಮಿ ಅಲ್ಲಿನ ರೈಲು ಮಾರ್ಗದಂಥದ್ದೇ ಜಾಲ ಹೆಣೆದಿಟ್ಟಿತು. ಇಂಜಿನಿಯರುಗಳು ಹತ್ತಾರು ವರ್ಷ ತಲೆ ಕೆಡಿಸಿಕೊಂಡು ಮಾಡಿದ ಕೆಲಸ. ಇದಕ್ಕೆ ಕೆಡಿಸಿಕೊಳ್ಳಲು ತಲೆಯೇ ಇರಲಿಲ್ಲ. ಇದನ್ನು ಬುದ್ಧಿ ಅನ್ನಬೇಕೋ ಬೇಡವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ದಿಕ್ಕು ಕೇಳಿಕೊಂಡು ಹೋದರೂ ದಾರಿ ತಪ್ಪುವ ನಾನಂತೂ ಆ ಜಗಳದಲ್ಲಿ ಲೋಳೆಯ ಪಕ್ಷ.

ಗುರುವಿನ ಉಪಗ್ರಹ ಯೂರೋಪಾದ ಹಿಮದ ಚಿಪ್ಪಿನಡಿ ಕಡಲಿದೆ, ಭೂಮಿಯ ಸಾಗರಗಳೆಲ್ಲ ಸೇರಿದರೂ ಅದರಷ್ಟು ನೀರಾಗಲಿಕ್ಕಿಲ್ಲ ಎಂಬ ಅಂದಾಜಿದೆ. ಅಲ್ಲೊಬ್ಬ ಮಹಾ ಪಂಡಿತ ಈಜಾಡುತ್ತಿದ್ದಾನೆ ಅಂದುಕೊಳ್ಳಿ. ನೀರೊಳಗೆ ಬೆಂಕಿ ಹೊತ್ತಿಸಲಾಗದು. ಬೆಂಕಿಯಿಲ್ಲದೆ ಅದಿರು ಕರಗಿಸಲಾಗದು, ಲೋಹವಿಲ್ಲದೆ ತಂತಿಯಿಲ್ಲ, ತಂತಿಯಿಲ್ಲದೆ ರೇಡಿಯೋ ಇಲ್ಲ. ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಹಿಮ ಇರುವುದರಿಂದ ನಕ್ಷತ್ರವನ್ನೂ ಅವನು ಕಂಡವನಲ್ಲ. ಆಚೆ ಏನೋ ಇದೆ ಎಂಬ ಅನುಮಾನವೇ ಬಾರದ ಒಬ್ಬ ಕವಿ, ಗಣಿತಜ್ಞ, ದಾರ್ಶನಿಕ. ಇತ್ತ ನಾವು 1960ರಲ್ಲಿ ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಎರಡು ನಕ್ಷತ್ರಗಳ ಕಡೆ ರೇಡಿಯೋ ದೂರದರ್ಶಕ ತಿರುಗಿಸಿದಾಗಿನಿಂದ ರೇಡಿಯೋಗೆ ಕಿವಿಗೊಟ್ಟು ಕೂತಿದ್ದೇವೆ. ಯಾರೂ ಮಾತಾಡುತ್ತಿಲ್ಲ, ಆದ್ದರಿಂದ ಯಾರೂ ಇಲ್ಲವೇನೋ ಎಂದು ನಿಟ್ಟುಸಿರು ಬೇರೆ. ಫೋನ್ ಇಲ್ಲದ ಮನೆಗೆ ಫೋನ್ ಮಾಡಿ, ಎತ್ತುತ್ತಿಲ್ಲ, ಮನೆ ಖಾಲಿಯಿರಬೇಕು ಅಂದಹಾಗಾಯಿತು.

ಸಿಲಿಕಾನ್ ಜೀವಿಗಳ ಮಾತೂ ಆಗಾಗ ಬರುತ್ತದೆ. ನಮ್ಮ ಮೈಗೆಲ್ಲ ಆಧಾರವಾದ ಇಂಗಾಲದಂತೆ ಸಿಲಿಕಾನಿಗೂ ಬೇರೆ ಪರಮಾಣುಗಳನ್ನು ಹಿಡಿದುಕೊಳ್ಳಲು ನಾಲ್ಕು ಕೈ. ಕಷ್ಟವಿರುವುದು ಉಸಿರಾಟದಲ್ಲಿ. ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹಾರಿಹೋಗುತ್ತದೆ, ಸಿಲಿಕಾನ್ ಡೈಆಕ್ಸೈಡ್ ಅಂದರೆ ಮರಳು. ಪ್ರತಿ ಉಸಿರಿಗೂ ಒಂದು ಹಿಡಿ ಮರಳು ಉದುರಿಸುವ ಅತಿಥಿಯನ್ನು ಯಾರು ಮನೆಗೆ ಕರೆದಾರು? 2007ರಲ್ಲಿ ಕೆಲವು ಭೌತವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುದಾವೇಶ ತುಂಬಿದ ಅನಿಲದಲ್ಲಿ, ತೇಲುವ ದೂಳಿನ ಕಣಗಳು ತಾವಾಗಿಯೇ ಸುರುಳಿಯಾಗಿ ಹೆಣೆದುಕೊಂಡು ಜೀವಿಗಳಂತೆ ವರ್ತಿಸಬಲ್ಲವು ಎಂದರು. ಅದನ್ನೋದಿದ ಮೇಲೆ ಕಪಾಟಿನ ದೂಳು ಒರೆಸಲು ನನಗೆ ಸಂಕೋಚ. ಇದು ವಿಜ್ಞಾನವೆಂದು ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ.

ನನ್ನನ್ನು ನಿಜಕ್ಕೂ ಕಾಡುವುದು ಆಕಾರವಲ್ಲ, ವೇಗ. ಶನಿಯ ಉಪಗ್ರಹ ಟೈಟಾನಿನಲ್ಲಿ ಮಳೆ, ಹೊಳೆ, ಕೆರೆ ಎಲ್ಲ ಇವೆ, ನೀರಿನದಲ್ಲ, ಮೀಥೇನಿನದು. ನೆಲದ ಉಷ್ಣತೆ ಸುಮಾರು ಮೈನಸ್ 179 ಡಿಗ್ರಿ. ಅಷ್ಟು ಚಳಿಯಲ್ಲಿ ರಾಸಾಯನಿಕ ಕ್ರಿಯೆಗಳು ಆಮೆಗೂ ನಾಚಿಕೆ ತರಿಸುವಷ್ಟು ನಿಧಾನ. ಅಲ್ಲಿ ಯೋಚಿಸುವವರಿದ್ದರೆ ಒಂದು ಯೋಚನೆಗೆ ಒಂದು ವರ್ಷ ಹಿಡಿದರೂ ಹಿಡಿದೀತು. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಅಲ್ಲಿಳಿದು, ಗುಂಡಗಿನ ಹಿಮಗಲ್ಲುಗಳ ಚಿತ್ರ ಕಳಿಸಿ, ಒಂದು ಗಂಟೆ ಚಿಲ್ಲರೆಯ ಮೇಲೆ ಮೌನವಾಯಿತು. ಆ ಕಲ್ಲುಗಳಲ್ಲೊಂದು "ಯಾರದು?" ಎಂದು ಕೇಳಲು ಹೊರಟು, ಇನ್ನೂ 'ಯಾ' ಹತ್ತಿರವೇ ಇದೆಯೋ ಏನೋ.

1977ರಲ್ಲಿ ಬಾಹ್ಯಾಕಾಶಕ್ಕೆ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಗಳಿವೆ. ಅದರಲ್ಲಿ 55 ಭಾಷೆಗಳ ಶುಭಾಶಯ; ನಮ್ಮ ಕನ್ನಡವೂ ಇದೆ. ನೆನೆದಾಗಲೆಲ್ಲ ಎದೆಯುಬ್ಬುತ್ತದೆ. ಆದರೆ ಅದು ಸಿಗುವುದು ಕಿವಿಯೇ ಇಲ್ಲದವನ ಕೈಗೋ? ಅಥವಾ ಕೈಯೇ ಇಲ್ಲದವನಿಗೋ? ವರ್ಷಕ್ಕೊಂದು ಯೋಚನೆಯವನಿಗೆ ಸಿಕ್ಕರೆ 55 ಭಾಷೆಯ ನಮಸ್ಕಾರಗಳೂ ಸೇರಿ ಒಂದು 'ಟಕ್' ಎಂದು ಕೇಳಿ ಮುಗಿಯುತ್ತವೆ. ಲೋಳೆಯಂಥವನೊಬ್ಬ ಗೂಡು ಮಾಡಿಕೊಳ್ಳಲು ತಟ್ಟೆ ಚೆನ್ನಾಗಿದೆ ಎಂದು ಅದರೊಳಗೇ ಹರಡಿಕೊಂಡರೂ ಆಶ್ಚರ್ಯವಿಲ್ಲ.

ಇಷ್ಟನ್ನೂ ಸೊಸೆಗೆ ವಿವರಿಸಿ ತಲೆಯೆತ್ತಿದರೆ, ಅವಳು ನನ್ನ ಹಸಿರು ಮನುಷ್ಯನನ್ನು ಮಡಿಸಿ ಪಕ್ಕಕ್ಕಿಟ್ಟು ಹೊಸ ಹಾಳೆಗೆ ಅಂಚಿನಿಂದ ಅಂಚಿಗೆ ಹಳದಿ ಬಳಿದಿದ್ದಳು. ಗೆರೆಯಿಲ್ಲ, ಕಣ್ಣಿಲ್ಲ, ಮೂಗಿಲ್ಲ.

"ಇವನ ತಲೆ ಎಲ್ಲಿ ಪುಟ್ಟಿ?"

"ಹಾಳೆ ಸಾಲ್ಲಿಲ್ಲ ಮಾಮಾ" ಎಂದು ಅವಳು ಮೇಜಿನ ಮೇಲೆ ಮುಂದುವರಿಸಿದಳು.