ಅಕ್ಕಿ ಆರಿಸುವಾಗಿನ ಗ್ಯಾನ

ಚಿಕ್ಕವನಿದ್ದಾಗ ಮನೆಯಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆಯೆಂದರೆ "ಗ್ಯಾನ ಎಲ್ಲಿಟ್ಟಿದ್ದೀಯೋ?" ಎಂಬುದು. ಹಾಲು ಉಕ್ಕಿ ಒಲೆಯ ಮೇಲೆ ಹರಿದಾಗ, ಕೊಡ ತುಂಬಿ ನೀರು ಅಂಗಳಕ್ಕಿಳಿದಾಗ, ಉಪ್ಪು ಕೇಳಿದರೆ ಸಕ್ಕರೆಯ ಡಬ್ಬಿ ತಂದುಕೊಟ್ಟಾಗ ಅಮ್ಮ ಕೇಳುತ್ತಿದ್ದ ಈ ಪ್ರಶ್ನೆಗೆ ಉತ್ತರ ಕೊಡುವಂತಿರಲಿಲ್ಲ. ಅದು ಎಲ್ಲಿದೆಯೆಂದು ಗೊತ್ತಿದ್ದಿದ್ದರೆ ಹಾಲೇ ಉಕ್ಕುತ್ತಿರಲಿಲ್ಲ. ಜ್ಞಾನವೆಂಬ ದೊಡ್ಡ ಮಾತು ಅಡುಗೆಮನೆಯ ಬಾಗಿಲು ದಾಟುವಾಗ ತಲೆ ತಗ್ಗಿಸಿ ಗ್ಯಾನವಾಗಿ, ಕೈಯಲ್ಲಿರುವ ಕೆಲಸದ ಮೇಲೆ ಮನಸ್ಸಿರುವುದು ಎಂಬಷ್ಟೇ ಅರ್ಥಕ್ಕೆ ನಿಂತದ್ದು ನನಗೆ ಈಗಲೂ ಸೊಗಸಾಗಿ ಕಾಣುತ್ತದೆ. ಅದನ್ನೇ ಈಗ ಮೈಂಡ್‌ಫುಲ್‌ನೆಸ್ ಎಂದು ಕರೆದು, ಮೊಬೈಲಿನ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿ ಕಲಿಯುವವರಲ್ಲಿ ನಾನೂ ಒಬ್ಬ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಎಂಬವರು 1979ರಲ್ಲಿ, ನೋವು ಮತ್ತು ಒತ್ತಡದಿಂದ ಬಳಲುವವರಿಗಾಗಿ ಆರಂಭಿಸಿದ ತರಬೇತಿಯಿಂದ ಈ ಅಭ್ಯಾಸ ಆಸ್ಪತ್ರೆಗಳಿಗೂ ಕಚೇರಿಗಳಿಗೂ ಹಬ್ಬಿತು. ಅದರ ಮೊದಲ ಪಾಠಗಳಲ್ಲೊಂದು, ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ತಿನ್ನುವುದು. ನಾನೂ ತಿಂದೆ. ದ್ರಾಕ್ಷಿ ನಾಲಿಗೆ ತಲುಪುವ ಮೊದಲೇ ಮನಸ್ಸು ಅದರ ಕಿಲೋ ಬೆಲೆಗೆ ಹೋಗಿ, ಅಲ್ಲಿಂದ ಪಾಯಸಕ್ಕೆ ಹೋಗಿ, ಪಾಯಸ ಬಡಿಸಿದ ಮದುವೆಮನೆಯಲ್ಲಿ ಯಾರೋ ಆಡಿದ ಚುಚ್ಚುಮಾತಿನ ಬಳಿ ಕುಳಿತುಬಿಟ್ಟಿತು. ದ್ರಾಕ್ಷಿಯ ಕೊರತೆಯೇನೆಂಬುದು ನನಗೆ ಆಗ ಹೊಳೆಯಿತು: ಅದರಲ್ಲಿ ಕಲ್ಲಿಲ್ಲ.

ನಮ್ಮ ಬಾಲ್ಯದ ಅಕ್ಕಿಯಲ್ಲಿ ಕಲ್ಲಿರುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಅಮ್ಮ ಕಿಟಕಿಯ ಬೆಳಕಿಗೆ ಮೊರ ಹಿಡಿದು ಕೂರುತ್ತಿದ್ದಳು. ಮೊದಲು ಕೇರಿ ತೌಡು, ಹೊಟ್ಟು ಹಾರಿಸಿ, ಆಮೇಲೆ ಅಕ್ಕಿಯನ್ನು ತೆಳ್ಳಗೆ ಹರಡಿ, ಬೆರಳ ತುದಿಯಿಂದ ಒಂದೊಂದು ಸಾಲನ್ನೇ ತನ್ನತ್ತ ಎಳೆದುಕೊಳ್ಳುತ್ತಿದ್ದಳು. ಕರಿಯ ಕಲ್ಲು ಯಾರಿಗಾದರೂ ಕಾಣುತ್ತದೆ. ಭತ್ತ, ನುಸಿ, ಬಾಲಹುಳುಗಳೂ ತಾವಾಗಿ ಸಿಕ್ಕಿಬೀಳುತ್ತವೆ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರದ ಬಿಳಿಯ ಕಲ್ಲು ಮಾತ್ರ, ಮನಸ್ಸು ಅರೆಕ್ಷಣ ಆಚೆ ಹೋದರೂ ಬೆರಳ ಕೆಳಗಿನಿಂದ ನುಸುಳಿ, ರಾತ್ರಿ ಅಪ್ಪನ ದವಡೆಯಲ್ಲಿ ಕಟಕ್ಕೆಂದು ಪ್ರತ್ಯಕ್ಷವಾಗುತ್ತಿತ್ತು. ಅಪ್ಪ ಏನೂ ಅನ್ನುತ್ತಿರಲಿಲ್ಲ. ಅಗಿಯುವುದನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದರು, ಅಷ್ಟೆ. ಆ ಕ್ಷಣದ ಮೌನಕ್ಕಿಂತ ಕಟ್ಟುನಿಟ್ಟಾದ ಧ್ಯಾನಗುರುವನ್ನು ನಾನು ಇನ್ನೂ ಕಂಡಿಲ್ಲ.

ಅಕ್ಕಿಯ ಮಾತು ಬಂದಾಗಲೆಲ್ಲ ನನಗೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿನದಕ್ಕಿಂತ ಹೆಚ್ಚು ತಂದಾಗ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆಂದು ಕೇಳಿ, ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಕಳುಹಿಸಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಅವಳ ಆಸೆಯಿಲ್ಲದ ಮನಸ್ಸನ್ನು ಹೊಗಳದವರಿಲ್ಲ. ನನಗಾದರೋ ಅದಕ್ಕೂ ಮೊದಲಿನ ಒಂದು ಗಳಿಗೆ ಮುಖ್ಯವಾಗಿ ತೋರುತ್ತದೆ: ಅಕ್ಕಿ ಹೆಚ್ಚಾಗಿದೆ ಎಂಬುದು ಅವಳ ಕಣ್ಣಿಗೆ ಬಿತ್ತಲ್ಲ! ನಿನ್ನೆ ಎಷ್ಟಿತ್ತು, ಮೊನ್ನೆ ಎಷ್ಟಿತ್ತು ಎಂದು ದಿನವೂ ಕಂಡವಳಿಗಲ್ಲದೆ ಇದು ತಿಳಿಯುವಂಥದ್ದಲ್ಲ.

ಈಗ ಆ ಕಣ್ಣಿನ ಕೆಲಸವನ್ನು ಯಂತ್ರಗಳು ವಹಿಸಿಕೊಂಡಿವೆ. ಗಿರಣಿಯ ಕಲ್ಲು ತೆಗೆಯುವ ಯಂತ್ರದಲ್ಲಿ ಓರೆಯಾದ ಜರಡಿ ನಡುಗುತ್ತಿರುತ್ತದೆ, ಕೆಳಗಿನಿಂದ ಗಾಳಿ ನುಗ್ಗುತ್ತದೆ; ಹಗುರವಾದ ಅಕ್ಕಿ ತೇಲಿ ಇಳಿಜಾರಿಗೆ ಜಾರಿದರೆ, ತೂಕದ ಕಲ್ಲು ತಳ ಹಿಡಿದು ಮೇಲಕ್ಕೆ ಹತ್ತುತ್ತದೆ. ಮುಂದೆ ಕ್ಯಾಮೆರಾಗಳು ಬೀಳುವ ಕಾಳುಗಳನ್ನು ನೋಡಿ, ಬಣ್ಣ ಕೆಟ್ಟದ್ದನ್ನು ಗಾಳಿಯಿಂದ ಊದಿ ಹೊರಗೆ ಹಾಕುತ್ತವೆ. ಚೀಲದ ಮೇಲೆ 'ಸಾರ್ಟೆಕ್ಸ್' ಎಂದು ಅಚ್ಚಾಗಿರುವುದರ ಅರ್ಥ ಇದೇ. ಹೀಗೆ ಗ್ಯಾನವನ್ನು ಗಿರಣಿಗೆ ಒಪ್ಪಿಸಿ ಬಂದ ನಾವು, ಮೊಬೈಲು ಗಂಟೆ ಬಾರಿಸಿದಾಗ ಕಣ್ಣುಮುಚ್ಚಿ ಅದನ್ನು ಹುಡುಕುತ್ತೇವೆ. ಶಾಂತಿಯೂ ಬೇಕು, ಮೊಬೈಲೂ ಬೇಕು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ.

ಹಾಗೆಂದು ಹಳೆಯದೆಲ್ಲ ಧ್ಯಾನವಾಗಿತ್ತೆಂದು ಹೇಳಹೊರಟರೆ ಅಮ್ಮನೇ ಒಪ್ಪುವುದಿಲ್ಲ. "ಧ್ಯಾನವೂ ಇಲ್ಲ, ಮಣ್ಣೂ ಇಲ್ಲ. ಹೊತ್ತಿಗೆ ಸರಿಯಾಗಿ ಅನ್ನ ಆಗಬೇಕಿತ್ತು" ಎನ್ನುತ್ತಾಳೆ. ತಿಂಗಳಿಗೊಮ್ಮೆ ಪಾತ್ರೆ ತೊಳೆದು ಮನಸ್ಸು ಹಗುರಾಯಿತೆನ್ನುವವನ ಮಾತು, ವರ್ಷವಿಡೀ ತೊಳೆದವಳಿಗೆ ಹಾಗೆಯೇ ಕೇಳಬೇಕು. ಅಲ್ಲದೆ, ಒಂದು ಸಲಕ್ಕೆ ಒಂದೇ ಕೆಲಸವೆಂಬ ಆ್ಯಪ್‌ನ ನಿಯಮ ಅವಳಿಗೆ ಎಂದೂ ಅನ್ವಯಿಸಲಿಲ್ಲ. ಕುಕ್ಕರಿನ ಕೂಗು ಎಣಿಸುತ್ತ, ರೇಡಿಯೊ ನಾಟಕ ಕೇಳುತ್ತ, ಬಾಗಿಲಿಗೆ ಬಂದ ಸೊಪ್ಪಿನವಳೊಡನೆ ಚೌಕಾಸಿ ಮಾಡುತ್ತಲೇ ಅವಳ ಬೆರಳು ಕಲ್ಲನ್ನು ಹಿಡಿಯುತ್ತಿತ್ತು.

ಕಳೆದ ವಾರ ಊರಿನಿಂದ, ಅಲ್ಲಿನ ಸಣ್ಣ ಮಿಲ್ಲಿನಲ್ಲಿ ಮಾಡಿಸಿದ ಅಕ್ಕಿ ಬಂತು. ಮೊಬೈಲನ್ನು ಒಳಗಿಟ್ಟು, ಬಾಲ್ಕನಿಯ ಬಿಸಿಲಿನಲ್ಲಿ ಸ್ಟೀಲಿನ ತಟ್ಟೆ ಹಿಡಿದು, ಉಸಿರನ್ನು ಗಮನಿಸುತ್ತ ಅರ್ಧ ಗಂಟೆ ಕುಳಿತು ಮೂರು ಕಲ್ಲು ತೆಗೆದೆ. ಚಿಕ್ಕಮ್ಮನೊಡನೆ ಫೋನಿನಲ್ಲಿ ಯಾರದೋ ಗೃಹಪ್ರವೇಶದ ಸುದ್ದಿ ಮಾತಾಡುತ್ತ ಅಲ್ಲಿಗೆ ಬಂದ ಅಮ್ಮ, ತಟ್ಟೆಯೊಳಗೆ ಒಮ್ಮೆ ಬೆರಳಾಡಿಸಿ, ನಾಲ್ಕನೆಯದನ್ನು ನನ್ನ ಅಂಗೈಯ ಮೇಲಿಟ್ಟು, "ಹೂಂ, ಆಮೇಲೆ?" ಎನ್ನುತ್ತ ಒಳಗೆ ಹೋದಳು. ಅದು ಬಿಳಿಯದು.